ಎರಡನೆಯ ಕಾಳು

ಶಂಕರಪುರ, ಕಾಪು
13 ಸೆಪ್ಟೆಂಬರ್ 2024

ಪ್ರೀತಿಯ ಜೋನ್ ಬಾಯ್,

ಇಂದು ಶುಕ್ರವಾರ, ನನ್ನ ಉಪವಾಸ. ಒಂದು ಲೋಟ ಕಪ್ಪು ಕಾಫಿಯ ಮೇಲೆ ನಿಂತಿದ್ದೇನೆ. ಬೆಳಕು ಹರಿಯುವ ಮೊದಲೇ ಮಲ್ಲಿಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಪಕ್ಕದ ಮನೆಯ ಸುಭಾಷಿಣಿಯಕ್ಕನ ಕೈಯಲ್ಲಿ ಪೇಟೆಗೆ ಕಳಿಸಿಯಾಯಿತು. ಮಳೆಗೆ ಮೊಗ್ಗು ಕೆಂಪಾಗುತ್ತದೆ, ಹೂವೇ ಕಡಿಮೆ. ಅಂಗಳ ಗುಡಿಸಿ, ಹಂಡೆಗೆ ಬೆಂಕಿ ಹಾಕಿ, ಜಪಸರ ಮುಗಿಸಿ ಈಗ ಕೂತೆ.

ನಾನು ಬರೆಯುವುದನ್ನು ನೋಡಿ ಅಳಿಯ ಲಾಯ್ಡ್‌ಗೆ ನಗು. "ಎಂತ ಮಾಂಯ್, ಸ್ವಂತ ಅಕ್ಕನಿಗೆ ಕನ್ನಡದಲ್ಲಿ ಕಾಗದವಾ?" ಎಂದ. ನಾನು ಹೇಳಿದೆ, ಅದು ಮುಚ್ಚಿದ ಕಾನ್ವೆಂಟ್, ಅಲ್ಲಿ ಫೋನು ಮುಟ್ಟುವಂತಿಲ್ಲ, ಹೊರಗೆ ಕಾಲಿಡುವಂತಿಲ್ಲ, ಕಾಗದವನ್ನು ಮೊದಲು ಮದರ್ ಓದಬೇಕು, ಮದರ್ ಚಿಕ್ಕಮಗಳೂರಿನವರು, ಕೊಂಕಣಿ ಬಾರದು ಎಂದು. ಮದರ್ ಅವರೇ, ನಿಮಗೂ ನನ್ನ ನಮಸ್ಕಾರ.

ತೆನೆಹಬ್ಬ ಭಾನುವಾರ ಆಯಿತು. ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ತೆನೆಯನ್ನು ಪುಡಿ ಮಾಡಿ ಹಾಲಿಗೆ ಹಾಕಿ ಎಲ್ಲರೂ ಒಂದೊಂದು ಗುಟುಕು ಕುಡಿದೆವು. ಒಂದೇ ಮನೆಯ ಹೊಸ ಅಕ್ಕಿ ಉಂಡವರು ಒಂದೇ ಮನೆಯವರು ಎಂದು ಅಪ್ಪ ಹೇಳುತ್ತಿದ್ದರಲ್ಲ. ಪ್ರತಿ ವರ್ಷ ಲಕೋಟೆಯಲ್ಲಿ ನಿನಗೆ ಒಂದು ಕಾಳು. ಈ ಸಲ ಎರಡು ಹಾಕಿದ್ದೇನೆ. ಎರಡನೆಯದು ಯಾರದ್ದೆಂದು ಈಗ ಬರೆಯುವುದಿಲ್ಲ. ನೀನೇ ತಿಳಿದುಕೊ.

ಈಗ ವಿಷಯಕ್ಕೆ ಬರುತ್ತೇನೆ. ಹೆಜಮಾಡಿಯ ಐಸ್ ಪ್ಲಾಂಟ್, ಲಾಯ್ಡ್ ಮೆಕ್ಯಾನಿಕ್ ಆಗಿದ್ದದ್ದು, ಮಳೆಗಾಲಕ್ಕೆ ಮುಚ್ಚಿದ್ದು ಮತ್ತೆ ತೆರೆಯಲೇ ಇಲ್ಲ. ನಾಲ್ಕು ತಿಂಗಳಾಯಿತು. ಕಾರ್ಕಳದ ಅತ್ತೂರಿನ ಅವನ ಮನೆಯಲ್ಲಿ ಅಣ್ಣಂದಿರೇ ಮೂವರು, ಇವರಿಗೆ ಒಂದು ಕೋಣೆ. ಮಗಳು ಶಾರ್ಲೆಟ್ ಮಣಿಪಾಲದ ಮೆಡಿಕಲ್ ಅಂಗಡಿಯಲ್ಲಿ ದುಡಿದು ತರುವುದರಲ್ಲಿ ಇಬ್ಬರದೂ ನಡೆಯಬೇಕು. ಈಗ ಅವನಿಗೆ ಎರಡು ಕಡೆ ಕೆಲಸ ಸಿಗುವ ಹಾಗುಂಟು. ಒಂದು ಗುಜರಾತಿನಲ್ಲಿ. ಇನ್ನೊಂದು ಉತ್ತರದಲ್ಲಿ, ನಿನ್ನ ಊರಿನ ಹಾಲು ಮತ್ತು ಸೇಬಿನ ಕೋಲ್ಡ್ ಸ್ಟೋರೇಜಿನಲ್ಲಿ! ಸಂಬಳ ಗುಜರಾತಿನದ್ದೇ ಜಾಸ್ತಿ. ಆದರೆ ನಾನು ಹೇಳಿದೆ, "ಅಲ್ಲಿ ನಿಮಗೆ ಮಾವ್ಶಿ ಇದ್ದಾಳೆ, ನನ್ನ ಸ್ವಂತ ಅಕ್ಕ. ಗುಜರಾತಿನಲ್ಲಿ ಯಾರಿದ್ದಾರೆ?"

ಲಾಯ್ಡ್ ಮೊದಲು ತಾನೊಬ್ಬನೇ ಹೋಗಿ ಆರು ತಿಂಗಳ ನಂತರ ಇವಳನ್ನು ಕರೆಸಿಕೊಳ್ಳುತ್ತೇನೆ ಎಂದ. ಆ ಮಾತು ಈ ಮನೆಯಲ್ಲಿ ಆಡಬೇಡ ಎಂದೆ. ನನ್ನವರು ರೊಸಾರಿಯೊ ಕುವೈಟಿಗೆ ಹೊರಟಾಗ ಶಾರ್ಲೆಟ್‌ಗೆ ಮೂರು ವರ್ಷ. "ಎರಡೇ ವರ್ಷ ರೀನಾ" ಎಂದಿದ್ದರು. ಇನ್ನೂ ಬಂದಿಲ್ಲ, ನಿನಗೆ ಗೊತ್ತಲ್ಲ.

ನಿನ್ನ ಕಾನ್ವೆಂಟಿನ ಹತ್ತಿರ ಬಡವರಿಗೆ ಎಟಕುವಂಥ ಒಂದು ಕೋಣೆ ಉಂಟಾ? ಯಾರ ಹತ್ತಿರವಾದರೂ ಕೇಳಿ ಬರೆ.

ನಿನ್ನ
ರೀನಾ


ಕಾರ್ಮೆಲ್ ಕಾನ್ವೆಂಟ್
4 ಅಕ್ಟೋಬರ್ 2024

ಪ್ರೀತಿಯ ರೀನಾ,

ಕಾಳುಗಳು ಮುರಿಯದೆ ತಲುಪಿದವು. ಎರಡನೆಯದು ಯಾರದ್ದೆಂದು ನನಗೆ ಕೂಡಲೇ ಹೊಳೆಯಿತು. ಇಷ್ಟು ವರ್ಷ ನಿನ್ನ ಕಾಗದವನ್ನು ನನಗಿಂತ ಮೊದಲು ಓದುತ್ತಾ ಬಂದ ಮದರ್‌ಗೂ ನೀನು ಪಾಲು ಇಟ್ಟದ್ದು ಬಹಳ ಚೆನ್ನಾಯಿತು. ಊಟದ ಮೇಜಿನಲ್ಲಿ ಅವರ ಲೋಟದ ಪಕ್ಕ ಇಟ್ಟೆ. ಹಾಲಿಗೆ ಹಾಕಿ ಕುಡಿದು, "ಹೊಸ ಅಕ್ಕಿ ಬಾಯಿಗೆ ಬಿದ್ದು ನಲವತ್ತು ವರ್ಷ ಆಯ್ತು ಸಿಸ್ಟರ್" ಎಂದು ಕಣ್ಣು ಒರೆಸಿಕೊಂಡರು.

ಶಾರ್ಲೆಟ್ ನನ್ನ ಊರಿಗೆ ಬರುತ್ತಾಳೆ ಎಂಬುದನ್ನು ಮೂರು ಸಲ ಓದಿದೆ. ಅವಳು ಹುಟ್ಟುವ ಮೊದಲೇ ನಾನು ಇಲ್ಲಿಗೆ ಬಂದವಳು. ಮೊದಲ ಪರಮಪ್ರಸಾದದ ದಿನದ ಅವಳ ಫೋಟೋ ನನ್ನ ಪ್ರಾರ್ಥನೆ ಪುಸ್ತಕದಲ್ಲಿದೆ. ಈಗ ಹೇಗಿದ್ದಾಳೋ.

ಕೋಣೆಯ ಚಿಂತೆ ಬೇಡ. ಇಪ್ಪತ್ತಾರು ವರ್ಷ ಇದ್ದ ಊರು, ನನಗೆ ಗೊತ್ತಿಲ್ಲವೇ? ನಮ್ಮ ಗೋಡೆಯ ಹಿಂದಿನ ಓಣಿಯಲ್ಲಿ ಹಂಚಿನ ಸಣ್ಣ ಸಣ್ಣ ಮನೆಗಳ ಸಾಲು ಇದೆ. ಆಚೆಗೆ ಲೀಚಿ ತೋಟ. ಹಣ್ಣಿನ ಕಾಲದಲ್ಲಿ ಬಾವಲಿಗಳನ್ನು ಓಡಿಸಲು ತಗಡು ಬಡಿಯುವುದು ನಮ್ಮ ಚಾಪೆಲಿನ ತನಕ ಕೇಳುತ್ತದೆ. ಮೂಲೆಯ ಮನೆ ಒಬ್ಬ ವಿಧವೆಯದ್ದು, ಎಮ್ಮೆ ಸಾಕಿದ್ದಾಳೆ. ಬೆಳಗಿನ ಪೂಜೆಯ ಹೊತ್ತಿಗೆ ಅವಳ ಹಾಲಿನ ಕ್ಯಾನು ಕಲ್ಲಿಗೆ ತಾಗುವ ಸದ್ದು ಕೇಳಿದರೆ ಆರು ಗಂಟೆ ಎಂದು ಲೆಕ್ಕ. ಬಹಳ ಮರುಕದ ಹೆಂಗಸು. ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಡುತ್ತಾಳೆ, ಮುಂಗಡ ಗಿಂಗಡ ಕೇಳುವವಳಲ್ಲ.

ಧೈರ್ಯವಾಗಿ ಬರಲಿ. ಗೋಡೆಯ ಈಚೆ ನಾನು, ಆಚೆ ಅವರು. ದೇವರು ಇಪ್ಪತ್ತಾರು ವರ್ಷದ ನಂತರ ನನ್ನ ಮನೆಯವರನ್ನು ನನ್ನ ಹತ್ತಿರ ತರುತ್ತಿದ್ದಾನೆ.

ನಿನ್ನ
ಜೋನ್


ಶಂಕರಪುರ
25 ಅಕ್ಟೋಬರ್ 2024

ಪ್ರೀತಿಯ ಬಾಯ್,

ನಿನ್ನ ಕಾಗದ ಬಂದ ದಿನ ಅತ್ತೂರಿನ ಸಂತ ಲಾರೆನ್ಸರಿಗೆ ಮೇಣದ ಬತ್ತಿ ಹಚ್ಚಿಸಿ ಬಂದೆ. ಮದರ್ ಕಾಳು ತಿಂದರು ಎಂದು ಓದಿ ಮೊದಲು ಗಾಬರಿಯಾಯಿತು, ಆಮೇಲೆ ನಗು ಬಂತು. ಅದು ಮದರ್ ಅವರದ್ದಾಗಿರಲಿಲ್ಲ. ಇರಲಿ, ಅದರ ವಿಷಯ ಇನ್ನೊಮ್ಮೆ ಹೇಳುತ್ತೇನೆ.

ಲಾಯ್ಡ್ ಮೊಬೈಲಿನಲ್ಲಿ ಒಂದು ಕೋಣೆ ಗೊತ್ತು ಮಾಡಿ, ಮೂರು ತಿಂಗಳ ಮುಂಗಡ ಕಳಿಸುವುದರಲ್ಲಿದ್ದ. ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿದೆ. "ಮಾವ್ಶಿ ಹೇಳಿದ ಮೇಲೆ ಮುಗಿಯಿತು. ಗೂಗಲ್ ಆ ಊರಿನಲ್ಲಿ ಇಪ್ಪತ್ತಾರು ವರ್ಷ ಇದ್ದದ್ದು ಉಂಟಾ?" ಎಂದು ಆ ಕೋಣೆ ಬಿಟ್ಟುಬಿಟ್ಟ. ಆ ಹಣದಲ್ಲಿ ರೈಲಿನ ಟಿಕೆಟ್ ಆಯಿತು, ಎರಡು ಕಂಬಳಿ ಆಯಿತು. ಡಿಸೆಂಬರ್ ಆರಕ್ಕೆ ಉಡುಪಿಯಲ್ಲಿ ಹತ್ತುವುದು, ಹರಿದ್ವಾರದಲ್ಲಿ ಇಳಿದು ಬಸ್ಸು.

ಮನೆ ತುಂಬ ಗಂಟುಮೂಟೆ. ಮದುವೆಗೆ ಬಂದ ಫ್ರಿಜ್ಜನ್ನು ಮಾರಿದರು. ಶಾರ್ಲೆಟ್ ಕಣ್ಣಲ್ಲಿ ನೀರು ತಂದುಕೊಂಡಳು. ಅವನು, "ಹುಚ್ಚಿ, ನಾವು ಹೋಗುವ ಊರೇ ಒಂದು ಫ್ರಿಜ್ಜು, ಬಾಗಿಲು ಮಾತ್ರ ಇಲ್ಲ" ಎಂದ. ಮಿಕ್ಸಿ ಹೋಗುತ್ತದೆ, ಗ್ಯಾಸಿನ ಒಲೆ ಹೋಗುತ್ತದೆ, ಕುಚ್ಚಲಕ್ಕಿ ಒಂದು ಚೀಲ. ತೆಂಗಿನೆಣ್ಣೆ ಬೇಡವಂತೆ, ಅಲ್ಲಿ ಕಲ್ಲಾಗುತ್ತದಂತೆ. ಕಲ್ಲಾದರೆ ಒಡೆದು ತಿನ್ನಿ ಎಂದು ನಾನು ಎರಡು ಬಾಟಲಿ ತುರುಕಿದ್ದೇನೆ. ಹೊದಿಕೆಯ ನಡುವೆ ಶಿಲುಬೆ.

ನಾವು ನಗುತ್ತೇವೆ, ಆದರೆ ಬಾಯ್, ನನ್ನ ಎದೆ ನಗುವುದಿಲ್ಲ. ಅವರ ಕೈಯಲ್ಲಿ ಒಂದೂವರೆ ತಿಂಗಳಿಗೆ ಆಗುವಷ್ಟು ಮಾತ್ರ ಉಂಟು. ಅಲ್ಲಿ ಇಳಿದ ದಿನ ಬಾಗಿಲು ತೆರೆಯದಿದ್ದರೆ ಹಿಂದೆ ಬರುವ ಟಿಕೆಟಿಗೂ ಇಲ್ಲ. ಆದ್ದರಿಂದ ಆ ಎಮ್ಮೆಯ ಅಮ್ಮನ ಹತ್ತಿರ ಕೋಣೆ ಹಿಡಿದಿಡಲು ಹೇಳು. ಅವಳ ಹೆಸರು, ಮನೆಯ ಗುರುತು ಬರೆ. ಡಿಸೆಂಬರ್ ಒಂದರಿಂದ ಆಗಮನ ಕಾಲ, ಕ್ರಿಸ್ಮಸಿನ ತನಕ ನಿನಗೆ ಕಾಗದ ಬರೆಯಲಿಕ್ಕೂ ಇಲ್ಲ, ಓದಲಿಕ್ಕೂ ಇಲ್ಲ. ಅದಕ್ಕೆ ಮೊದಲು ಒಂದು ಗೆರೆ ಸಾಕು.

ರೀನಾ


ಕಾರ್ಮೆಲ್ ಕಾನ್ವೆಂಟ್
30 ನವೆಂಬರ್ 2024

ರೀನಾ,

ಮಕ್ಕಳನ್ನು ಕಳಿಸಬೇಡ. ಮೊದಲು ಇದನ್ನು ಓದಿ, ಉಳಿದದ್ದನ್ನು ಆಮೇಲೆ ಓದು.

ನಾನು ಈ ಊರನ್ನು ನೋಡಿದ್ದು ಒಂದೇ ಸಲ. 1998ರಲ್ಲಿ ಅಪ್ಪ ನನ್ನನ್ನು ಸೈಕಲ್ ರಿಕ್ಷಾದಲ್ಲಿ ಕರೆತಂದ ಅರ್ಧ ಗಂಟೆ. ಆ ಓಣಿ, ಆ ಹಂಚಿನ ಮನೆಗಳು, ಬಾಗಿಲಲ್ಲಿ ನಿಂತು ಅಪ್ಪನಿಗೆ ನೀರು ಕೊಟ್ಟ ವಿಧವೆ, ಎಲ್ಲ ಆ ದಿನದ್ದು. ಹಿಂದಿನ ಕೋಣೆ ಬಾಡಿಗೆಗೆ ಉಂಟು ಎಂದು ಅವಳು ಆ ದಿನ ಅಪ್ಪನಿಗೆ ಹೇಳಿದ್ದು. ಆಮೇಲೆ ಒಮ್ಮೆ ಹಲ್ಲಿನ ಡಾಕ್ಟರ ಬಳಿಗೆ ಹೋದಾಗಲೂ ನಿಯಮದಂತೆ ಕಣ್ಣು ತಗ್ಗಿಸಿ ಕೂತಿದ್ದೆ. ಉಳಿದದ್ದೆಲ್ಲ ಕಿವಿಯಿಂದ ಕಂಡದ್ದು.

ತಿಂಗಳಿಡೀ ಮುಂದೂಡಿ, ಹೊರಗಿನ ಕೆಲಸಕ್ಕೆ ಬಂದ ಹೊಸ ಸಿಸ್ಟರ್ ಹತ್ತಿರ ಇಂದು ಆ ವಿಧವೆಯ ಹೆಸರು ಕೇಳಿದೆ. ಅವಳು ಕಣ್ಣು ಬಿಟ್ಟಳು. "ಯಾವ ಎಮ್ಮೆ ಸಿಸ್ಟರ್? ಬೆಳಿಗ್ಗೆ ಸದ್ದು ಮಾಡುವುದು ಗ್ಯಾಸ್ ಸಿಲಿಂಡರ್ ಗಾಡಿ. ತಗಡು ಬಡಿಯುವುದು ಗುಜರಿ ಅಂಗಡಿ. ಲೀಚಿ ತೋಟ ಹೋಗಿ ಐದು ಮಹಡಿಯ ಕಟ್ಟಡಗಳಾಗಿ ಹತ್ತು ವರ್ಷವಾಯಿತಂತೆ. ಆ ಹೆಂಗಸು ಅದಕ್ಕೂ ಮೊದಲೇ ತೀರಿಕೊಂಡಳಂತೆ." ಈ ಊರಲ್ಲಿ ನಾನು ಇಷ್ಟು ವರ್ಷ ಪ್ರಾರ್ಥಿಸಿದ್ದು ಸತ್ತುಹೋದ ಒಬ್ಬ ಹೆಂಗಸಿನ ಎಮ್ಮೆಯ ಆರೋಗ್ಯಕ್ಕೆ.

ಗೊತ್ತಿಲ್ಲ ಎಂದು ಬರೆಯಲು ಅಕ್ಟೋಬರಿನಲ್ಲಿ ನನಗೆ ನಾಚಿಕೆಯಾಯಿತು. ನೀನು ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲ ಸಲ.

ಸಂಜೆಯ ಪ್ರಾರ್ಥನೆಯ ಗಂಟೆ ಬಾರಿಸಿದರೆ ಆಗಮನ ಕಾಲ ಶುರು. ಅದಕ್ಕೆ ಮೊದಲು ಇದನ್ನು ಮದರ್ ಮೇಜಿನ ಮೇಲೆ ಇಡುತ್ತೇನೆ.

ಜೋನ್


ಶಂಕರಪುರ
7 ಡಿಸೆಂಬರ್ 2024

ಪ್ರೀತಿಯ ಬಾಯ್,

ನಿನ್ನ ಉತ್ತರ ಬರಲಿಲ್ಲ. ನವೆಂಬರ್ ಪೂರ್ತಿ ಪೋಸ್ಟಿನವನ ದಾರಿ ಕಾದೆ. ಶಾರ್ಲೆಟ್ ಹೆದರಿ, "ಮಮ್ಮಿ, ಮಾವ್ಶಿ ಬರೆಯಲೇ ಇಲ್ಲವಲ್ಲ, ಎಂತ ಮಾಡುವುದು?" ಎಂದಳು. ನಾನು ಹೇಳಿದೆ, "ಆಗುವುದಿಲ್ಲ ಎಂದಾದರೆ ಬರೆಯುತ್ತಿದ್ದಳು. ನಮ್ಮ ಮನೆಯಲ್ಲಿ ಹೌದು ಎನ್ನಲು ಬಾಯಿ ತೆರೆದವರು ಯಾರು? ಅವಳನ್ನು ಕಾನ್ವೆಂಟಿಗೆ ಬಿಡುವಾಗ ನಿನ್ನ ಅಜ್ಜ ಸುಮ್ಮನಿದ್ದದ್ದೇ ಒಪ್ಪಿಗೆ." ಹಾಗೆ ಹೇಳಿ ನಿನ್ನೆ ರೈಲು ಹತ್ತಿಸಿದೆ.

ಉಡುಪಿ ಸ್ಟೇಷನ್ನಿನಲ್ಲಿ ಆರು ಗಂಟು, ಅಕ್ಕಿಚೀಲ, ಒಲೆ. ಲಾಯ್ಡ್ ಒಂದೊಂದನ್ನೂ ಒಳಗೆ ದೂಡಿ, ಕೊನೆಗೆ ಅವಳನ್ನು ಗಾಜಿನ ಪಾತ್ರೆಯ ಹಾಗೆ ಕೈ ಹಿಡಿದು ಹತ್ತಿಸಿದ. ನಾನು ಇಬ್ಬರ ಹಣೆಗೂ ಶಿಲುಬೆ ಗುರುತು ಹಾಕಿದೆ. ರೈಲು ಹೊರಟ ಮೇಲೆ ಜೊತೆಗೆ ಬಂದ ಸುಭಾಷಿಣಿಯಕ್ಕ ಬಾಯಿ ಬಿಟ್ಟಳು. "ಎಂತ ಮಾರಾಯ್ತಿ ನೀನು? ಚೊಚ್ಚಲ ಬಸುರಿಯನ್ನು ತಾಯಿಮನೆಯಿಂದ ಅಟ್ಟಿದವಳು ಈ ಊರಿನಲ್ಲಿ ನೀನೊಬ್ಬಳೇ!"

ಹೌದು ಬಾಯ್. ಶಾರ್ಲೆಟ್‌ಗೆ ಆರು ತಿಂಗಳು. ಮಾರ್ಚ್ ಮಧ್ಯದಲ್ಲಿ ಎಂದು ಡಾಕ್ಟರು ಹೇಳಿದ್ದಾರೆ. ಎರಡನೆಯ ಕಾಳು ಆ ಮಗುವಿನದ್ದು. ಅದಕ್ಕಿನ್ನೂ ಬಾಯಿ ಇಲ್ಲ, ಅದರ ಪಾಲು ನೀನು ತಿನ್ನು ಎಂದು ಹಾಕಿದ್ದೆ. ಐದು ತಿಂಗಳು ತುಂಬುವ ಮೊದಲು ಬರೆದು ದೃಷ್ಟಿಯಾಗುವುದು ಬೇಡ ಎಂದು ಬರೆಯಲಿಲ್ಲ. ತುಂಬಿದ ಮೇಲೆ, ಬಸುರಿಯನ್ನು ಕಳಿಸಬೇಡ ಎಂದು ನೀನು ಹೇಳಿಬಿಟ್ಟರೆ ಎಂದು ಬರೆಯಲಿಲ್ಲ.

ಮೊದಲ ಹೆರಿಗೆ ತಾಯಿಮನೆಯಲ್ಲಿ ಎಂಬುದು ನನಗೆ ಗೊತ್ತಿಲ್ಲದ್ದಾ? ಆದರೆ ಗಂಡನೊಬ್ಬನನ್ನೇ ಕಳಿಸಿ ಬಾಗಿಲಲ್ಲಿ ಕೂತವಳು ನಾನು. ನನಗೆ ಅದಕ್ಕಿಂತ ಇದೇ ಕಡಿಮೆ ಹೆದರಿಕೆ ಎನಿಸಿತು.

ಸೋಮವಾರ ತಲುಪುತ್ತಾರೆ. ನೀನು ಇದನ್ನು ಓದುವಾಗ ಕ್ರಿಸ್ಮಸ್ ಆಗಿರುತ್ತದೆ, ಆಗಲಾದರೂ ಆ ಅಮ್ಮನಿಗೆ ಹೇಳು, ಹುಡುಗಿಗೆ ಬಿಸಿನೀರು ಬೇಕು ಎಂದು.

ರೀನಾ


ಶಂಕರಪುರ
13 ಡಿಸೆಂಬರ್ 2024

ಬಾಯ್,

ಕ್ರಿಸ್ಮಸಿನ ತನಕ ಇದನ್ನು ಯಾರೂ ಒಡೆಯುವುದಿಲ್ಲ ಎಂದು ಗೊತ್ತುಂಟು. ಆದರೂ ಬರೆಯದಿದ್ದರೆ ಈ ಶುಕ್ರವಾರ ನನ್ನ ಎದೆ ಒಡೆಯುತ್ತದೆ.

ಶಾರ್ಲೆಟ್ ಫೋನು ಮಾಡಿದಳು. ಓಣಿ ಇಲ್ಲ, ಹಂಚಿನ ಮನೆ ಇಲ್ಲ, ಎಮ್ಮೆ ಇಲ್ಲ. ಗಂಟುಗಳನ್ನು ಚಹಾ ಅಂಗಡಿಯಲ್ಲಿಟ್ಟು ನಿಮ್ಮ ಗೋಡೆಗೆ ಎರಡು ಸುತ್ತು ಬಂದರಂತೆ. ಕೇಳಿದವರೆಲ್ಲ ನಕ್ಕರಂತೆ. ಕೊನೆಗೆ ನಿಮ್ಮ ಗಂಟೆ ಎಳೆದರು. ಹೊರಗಿನ ಸಿಸ್ಟರ್ ಬಂದು, ಈಗ ಯಾರನ್ನೂ ಕರೆಯುವಂತಿಲ್ಲ ಎಂದು ಹೇಳಿ ಒಳಗೆ ಏನೋ ಕೂಗಿದಳು. ಗೋಡೆಯಲ್ಲಿರುವ ಮರದ ತಿರುಗುವ ಪೆಟ್ಟಿಗೆ ತಿರುಗಿತು, ಅದರಲ್ಲಿ ಎರಡು ಲೋಟ ಚಹಾ, ಬ್ರೆಡ್. ಕೈಯೂ ಕಾಣಲಿಲ್ಲ, ಮುಖವೂ ಕಾಣಲಿಲ್ಲ ಎಂದಳು. ಭಿಕ್ಷುಕರಿಗೆ ಕೊಟ್ಟ ಹಾಗೆ.

ಗೇಟಿನ ಪಕ್ಕದಲ್ಲಿ ಹಸಿರು ಬಾಗಿಲಿನ ಒಂದು ಕೋಣೆ ಉಂಟಂತೆ, ಬೀಗ ಹಾಕಿದ್ದು. ಲಾಯ್ಡ್ ಕೇಳಿದನಂತೆ. ಅದಕ್ಕೆ ಮದರ್ ಒಪ್ಪಬೇಕು ಎಂದಳಂತೆ ಆ ಸಿಸ್ಟರ್.

ಈಗ ಕೋಲ್ಡ್ ಸ್ಟೋರೇಜಿನ ಮೇಲೆ ತಗಡಿನ ಒಂದು ಕೋಣೆಯಲ್ಲಿದ್ದಾರೆ. ಕಬ್ಬಿಣದ ಏಣಿ ಮೆಟ್ಟಿಲು. ಕೆಳಗೆ ಮೆಷಿನು ಹಗಲೂ ಇರುಳೂ ಗುಡುಗುತ್ತದಂತೆ. ತಣ್ಣಗಿನ ಗೋಡೆಗೆ ಹೊದಿಕೆ ಒತ್ತಿ ಕೂತಿದ್ದೇನೆ ಎಂದಳು. "ಮಮ್ಮಿ, ಮಾವ್ಶಿ ಯಾಕೆ ಸುಳ್ಳು ಬರೆದರು?" ಎಂದು ಕೇಳಿದಳು. ನಾನೆಂತ ಹೇಳಲಿ ಬಾಯ್? ನೀನು ಯಾಕೆ ಸುಳ್ಳು ಬರೆದೆ?

ರೀನಾ


ಕಾರ್ಮೆಲ್ ಕಾನ್ವೆಂಟ್
26 ಡಿಸೆಂಬರ್ 2024

ರೀನಾ,

ನಿನ್ನ ಎರಡು ಕಾಗದಗಳನ್ನು ಇಂದು ಬೆಳಿಗ್ಗೆ ಒಟ್ಟಿಗೆ ಓದಿದೆ. ಇದರೊಂದಿಗೆ ನನ್ನ ನವೆಂಬರ್ 30ರ ಕಾಗದವನ್ನೂ ಇಟ್ಟಿದ್ದೇನೆ. ಆ ದಿನ ಮದರ್ ಜ್ವರದಲ್ಲಿ ಮಲಗಿದ್ದರು. ಅವರು ಏಳುವ ಹೊತ್ತಿಗೆ ಗಂಟೆ ಬಾರಿಸಿ ಆಗಿತ್ತು. ಕಾಗದ ಅವರ ಮೇಜಿನ ಮೇಲೆ ಪ್ರಾರ್ಥನೆ ಪುಸ್ತಕದ ಕೆಳಗೆ ಇಪ್ಪತ್ತಾರು ದಿನ ಇತ್ತು. ನಾನು ದಿನವೂ ಮೇಜು ಒರೆಸುವಾಗ ಅದರ ಅಂಚು ನೋಡುತ್ತಿದ್ದೆ. ಮದರ್‌ಗೆ ಒಂದು ಮಾತು ಹೇಳಿದ್ದರೆ ಕಳಿಸುತ್ತಿದ್ದರೋ ಏನೋ. ನಿಯಮ ಎಂದು ಸುಮ್ಮನಿದ್ದೆ.

ಇನ್ನೊಂದು ವಿಷಯವುಂಟು. ಇದನ್ನು ಬರೆಯದೆ ನಾನು ಪಾಪನಿವೇದನೆಗೆ ಹೋಗಲಾರೆ.

ಒಂಬತ್ತನೇ ತಾರೀಕು ತಿರುಗುವ ಪೆಟ್ಟಿಗೆಯ ಕೆಲಸ ನನ್ನದಾಗಿತ್ತು. "ಬಾಗಿಲಲ್ಲಿ ಇಬ್ಬರು ಬಡವರು" ಎಂದರು. ಚಹಾ ಸುರಿದವಳು ನಾನು. ಬ್ರೆಡ್ ಕತ್ತರಿಸಿದವಳು ನಾನು. ಪೆಟ್ಟಿಗೆ ತಿರುಗಿಸಿ ಹಿಂದೆ ಸರಿಯುವಾಗ ಮರದ ಆಚೆಯಿಂದ ಒಂದು ಹೆಣ್ಣಿನ ಸ್ವರ ಕೇಳಿತು, "ದೇವ್ ಬರೆಂ ಕರುಂ."

ದೇವರು ಒಳ್ಳೆಯದು ಮಾಡಲಿ. ಇಪ್ಪತ್ತಾರು ವರ್ಷದಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಕೊಂಕಣಿ. ಸ್ವರ ನಮ್ಮ ಅಮ್ಮನದ್ದೇ. ಅದು ಶಾರ್ಲೆಟ್ ಎಂದು ನನಗೆ ತಿಳಿಯಿತು ರೀನಾ. ಕೈ ಪೆಟ್ಟಿಗೆಯ ಮೇಲೆಯೇ ಇತ್ತು. ಒಂದು ಗೇಣು ಮರ ನಡುವೆ. ಆಗಮನ ಕಾಲ, ಮೌನದ ಹೊತ್ತು. ನಾನು ಬಾಯಿ ತೆರೆಯಲಿಲ್ಲ. ಲೋಟಗಳು ಖಾಲಿಯಾಗಿ ತಿರುಗಿ ಬಂದವು. ತೊಳೆದಿಟ್ಟೆ.

ಇಷ್ಟು ವರ್ಷ ಕಿವಿಯನ್ನೇ ನಂಬಿ ತಪ್ಪು ಊರನ್ನು ಕಟ್ಟಿದೆ. ಕಿವಿ ಸರಿಯಾಗಿ ಕೇಳಿದ ಆ ಒಂದು ದಿನ ನಾಲಿಗೆ ಏಳಲಿಲ್ಲ.

ಹಸಿರು ಬಾಗಿಲಿನ ಕೋಣೆ ಧ್ಯಾನಕ್ಕೆ ಬರುವ ಫಾದರ್‌ಗಳದ್ದು. ವರ್ಷದಲ್ಲಿ ಎರಡು ವಾರ ತೆರೆಯುತ್ತದೆ. ಗಂಡ ಹೆಂಡತಿ ಅಲ್ಲಿ ಉಳಿದ ಪದ್ಧತಿ ಇಲ್ಲ. ಪದ್ಧತಿ ಇಲ್ಲದ್ದನ್ನು ಕೇಳಿ ನನಗೆ ಅಭ್ಯಾಸವಿಲ್ಲ.

ಕ್ಷಮಿಸು.

ಜೋನ್


ಶಂಕರಪುರ
14 ಫೆಬ್ರವರಿ 2025

ಬಾಯ್,

ಇಂದು ಶುಕ್ರವಾರ. ಈ ಸಲ ಕಪ್ಪು ಕಾಫಿಯನ್ನೂ ಬಿಟ್ಟಿದ್ದೇನೆ. ಏಳು ವಾರ ನಿನಗೆ ಬರೆಯಲಿಲ್ಲ, ಸಿಟ್ಟಿನಿಂದಲೇ. ಎರಡು ಸಲ ಬರೆದು ಒಲೆಗೆ ಹಾಕಿದೆ. ಈಗ ಸಿಟ್ಟಿಗೆ ಸಮಯವಿಲ್ಲ.

ಜನವರಿ ಹದಿನೇಳಕ್ಕೆ ಶಾರ್ಲೆಟ್‌ಗೆ ರಕ್ತ ಹೋಯಿತು. ಮಗು ಉಳಿದಿದೆ. ಡಾಕ್ಟರು ಹೆರಿಗೆಯ ತನಕ ಮಲಗಿಯೇ ಇರಬೇಕು, ಬಸ್ಸು ಬೇಡ, ರೈಲು ಕೇಳಲೇಬೇಡಿ ಎಂದಿದ್ದಾರೆ. ಕರೆತರುತ್ತೇನೆ ಎಂದು ನಾನು ಚೀಲ ಕಟ್ಟಿ ಆಗಿತ್ತು, ಬಿಚ್ಚಿದೆ. ಈಗ ಕೋಲ್ಡ್ ಸ್ಟೋರೇಜಿನ ಯಜಮಾನರು, ಮೆಷಿನಿನ ಮೇಲೆ ಬಾಣಂತಿ, ಕೂಸು ಇರುವಂತಿಲ್ಲ, ಫೆಬ್ರವರಿ ಮುಗಿಯುವಾಗ ಕೋಣೆ ಬಿಡಿ ಎಂದಿದ್ದಾರೆ. ಅವರದ್ದೂ ತಪ್ಪಲ್ಲ. ಅಮೋನಿಯಾದ ವಾಸನೆ ಬರುವ ಜಾಗ ಅದು. ಲಾಯ್ಡ್ ಪಾಳಿ ಮುಗಿಸಿ ಊರೆಲ್ಲ ಅಲೆದ. ಹೆರಿಗೆಗೆ ಬಂದವಳು ಎಂದ ಕೂಡಲೇ ಬಾಗಿಲು ಮುಚ್ಚುತ್ತಾರೆ, ಇಲ್ಲದಿದ್ದರೆ ನಮ್ಮ ಕೈಗೆ ಎಟಕದ ಮುಂಗಡ.

ಮಾರ್ಚ್ ಐದಕ್ಕೆ ಬೂದಿ ಬುಧವಾರ. ಅಂದಿನಿಂದ ಪಾಸ್ಕದ, ಅಂದರೆ ಈಸ್ಟರಿನ ತನಕ ನೀನು ಮತ್ತೆ ಮೂಕಿ. ಆ ನಲವತ್ತು ದಿನದೊಳಗೇ ನನ್ನ ಮಗಳು ಹೆರಬೇಕು.

ಈಗ ನಾನು ನಿನಗೆ ಬರೆಯುವುದನ್ನು ನಿಲ್ಲಿಸುತ್ತೇನೆ. ಮದರ್ ಅವರೇ, ಇದು ನಿಮಗೆ. ನೀವು ಇದನ್ನು ಮೊದಲು ಓದುತ್ತೀರಿ ಎಂದು ಇಪ್ಪತ್ತಾರು ವರ್ಷ ನಾನು ಹೆದರಿ ಹೆದರಿ ಬರೆದವಳು. ಇಂದು ನೀವು ಓದುತ್ತೀರಿ ಎಂಬುದೇ ನನಗಿರುವ ಒಂದು ಧೈರ್ಯ.

ಮದರ್, ನೀವು ಅಕ್ಟೋಬರಿನಲ್ಲಿ ಹಾಲಿಗೆ ಹಾಕಿ ಕುಡಿದ ಕಾಳು ಆ ಮಗುವಿನ ಪಾಲು. ಜೋನ್ ತಪ್ಪಾಗಿ ತಿಳಿದು ನಿಮಗೆ ಕೊಟ್ಟಳು, ನೀವು ತಿಳಿಯದೆ ತಿಂದಿರಿ. ನಾನು ಅದಕ್ಕೆ ಮುನಿಯುವುದಿಲ್ಲ. ಆದರೆ ನಮ್ಮಲ್ಲಿ ಒಂದು ಮಾತುಂಟು, ನಿಮ್ಮ ಚಿಕ್ಕಮಗಳೂರಿನಲ್ಲೂ ಇರಬಹುದು. ಒಂದೇ ಮನೆಯ ಹೊಸ ಅಕ್ಕಿ ಉಂಡವರು ಒಂದೇ ಮನೆಯವರು. ಆ ಕೂಸು ಹೊಟ್ಟೆಯಲ್ಲಿದ್ದಾಗಲೇ ತನ್ನ ಪಾಲನ್ನು ನಿಮಗೆ ಬಿಟ್ಟುಕೊಟ್ಟಿದೆ. ಹಾಗಾದರೆ ನೀವು ಅದಕ್ಕೆ ಹೊರಗಿನವರಲ್ಲ, ಅದು ನಿಮಗೆ ಹೊರಗಿನದ್ದಲ್ಲ. ಗಂಡ ಹೆಂಡತಿ ಉಳಿಯುವ ಪದ್ಧತಿ ಇಲ್ಲದಿದ್ದರೆ ಇಲ್ಲ. ಮನೆಯವರು ಉಳಿಯುವ ಪದ್ಧತಿ ಇರಲೇಬೇಕು.

ಹಸಿರು ಬಾಗಿಲಿನ ಕೋಣೆಯನ್ನು ಮಾರ್ಚ್ ಒಂದರಿಂದ ಬಾಣಂತನ ಮುಗಿಯುವ ತನಕ ಕೊಡಿ. ಲಾಯ್ಡ್ ಬೇಕಾದರೆ ಹೊರಗೆ ಜಗಲಿಯಲ್ಲಿ ಮಲಗುತ್ತಾನೆ. ನನ್ನ ಟಿಕೆಟ್ ಆಗಿದೆ, ಮಲ್ಲಿಗೆ ಗಿಡಗಳನ್ನು ಸುಭಾಷಿಣಿಯಕ್ಕನಿಗೆ ಒಪ್ಪಿಸಿ ನಾನೇ ಬರುತ್ತೇನೆ. ಅಡುಗೆ, ಬಟ್ಟೆ, ನೀರು ಎಲ್ಲ ನನ್ನದು. ನಿಮ್ಮ ಮೌನವನ್ನು ಕೂಸು ಮುರಿದೀತು, ನಾನು ಮುರಿಯುವುದಿಲ್ಲ.

ಬಾಯ್, ಮದರ್ ಇದನ್ನು ನಿನ್ನ ಕೈಗೆ ಕೊಟ್ಟ ಮೇಲೆ ನೀನು ಸುಮ್ಮನಿರಬೇಡ. ನಮ್ಮ ಮನೆಯ ಸುಮ್ಮನಿರುವ ಪದ್ಧತಿಯಿಂದ ಇಷ್ಟೆಲ್ಲ ಆದದ್ದು. ಇಲ್ಲ ಎಂದಾದರೆ ಇಲ್ಲ ಎಂದು ಬರೆ. ಆದರೆ ಕೇಳಿ ಬರೆ. ಉತ್ತರವನ್ನು ಅಂಚೆಗೆ ಹಾಕಬೇಡ, 28ರ ಬೆಳಿಗ್ಗೆ ಹತ್ತಕ್ಕೆ ಪೆಟ್ಟಿಗೆಯಲ್ಲಿಡು. ಆಚೆ ಯಾರು ನಿಂತಿದ್ದಾರೆ ಎಂದು ಈ ಸಲ ನಿನಗೆ ಗೊತ್ತುಂಟು.

ರೀನಾ


ಮಗಾ ಲಾಯ್ಡ್,

ಇದರೊಂದಿಗೆ ಇರುವುದು ಮಾವ್ಶಿಗೆ ಬರೆದ ಕಾಗದ. ಅಂಟಿಸಿಲ್ಲ, ನೀನೂ ಓದು.

ನಿನಗೊಂದು ಮಾತು ಹೇಳಲಿಕ್ಕುಂಟು, ಫೋನಿನಲ್ಲಿ ಬಾಯಿಗೆ ಬರುವುದಿಲ್ಲ. ನೀನು ಒಬ್ಬನೇ ಹೋಗುತ್ತೇನೆ ಎಂದಾಗ ನಾನು ಬಿಡಲಿಲ್ಲವಲ್ಲ, ಅದು ನಿಮ್ಮಿಬ್ಬರ ಮೇಲಿನ ಪ್ರೀತಿ ಎಂದು ನೀನು ತಿಳಿದಿದ್ದೆ. ಅಲ್ಲ ಮಗಾ. ನಿನ್ನನ್ನು ನಂಬಲಿಲ್ಲ. ಹೋದವನು ಬಾರದಿದ್ದರೆ ಎಂದು ನನ್ನ ಮಗಳನ್ನು ನಿನ್ನ ಕಾಲಿಗೆ ಕಟ್ಟಿ ಕಳಿಸಿದೆ. ಆ ಏಣಿ ಮೆಟ್ಟಿಲಿನಲ್ಲಿ ಅವಳನ್ನು ಎತ್ತಿಕೊಂಡು ಇಳಿದದ್ದು, ಅವಳ ಬಟ್ಟೆ ಒಗೆದದ್ದು, ನಿನ್ನ ಪಾಲಿನ ಅನ್ನ ಅವಳ ತಟ್ಟೆಗೆ ಹಾಕಿ ನೀನು ಹಸಿವಿಲ್ಲ ಎಂದದ್ದು, ಎಲ್ಲ ಅವಳು ಹೇಳಿದ್ದಾಳೆ. ನೀನು ರೊಸಾರಿಯೊ ಅಲ್ಲ. ಅದನ್ನು ಮೊದಲೇ ತಿಳಿದಿದ್ದರೆ ಅವಳು ಈಗ ನನ್ನ ಮಂಚದ ಮೇಲೆ ಇರುತ್ತಿದ್ದಳು.

ಇದು ಕೈಗೆ ಬಂದ ದಿನವೇ ಕಾಗದವನ್ನು ಗೋಡೆಯ ಪೆಟ್ಟಿಗೆಯಲ್ಲಿಟ್ಟು ತಿರುಗಿಸು. ಕೊಂಕಣಿಯಲ್ಲಿ ಎರಡು ಮಾತು ಗಟ್ಟಿಯಾಗಿ ಹೇಳು, ಒಳಗೆ ಕೇಳಲಿ. ಆಮೇಲೆ 28ರ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಹೋಗಿ ಅವಳ ಉತ್ತರ ತಾ. ಪೆಟ್ಟಿಗೆ ಖಾಲಿ ತಿರುಗಿ ಬಂದರೆ ಬಿಟ್ಟು ಬರಬೇಡ ಮಗಾ. ಇನ್ನೊಮ್ಮೆ ತಿರುಗಿಸು.